ಕತ್ತರಿಸದೆ ಉಳಿಸಿದ ರಬ್ಬರು

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆ ಎಂದು ಮೊನ್ನೆ ಹೊಸತೊಂದು ತಂದೆ. ಪ್ಲಾಸ್ಟಿಕ್ ಪೊಟ್ಟಣ ಹರಿದದ್ದೇ ತಡ, ಒಂದು ವಾಸನೆ ಬಂತು ನೋಡಿ. ಹೊಸ ರಬ್ಬರಿನದು, ಅದರ ಮೇಲೆ ಸವರಿದ ಬಿಳಿ ಪುಡಿಯದು. ನಿಮಗೆ ಅದು ಪಾತ್ರೆ ಅಂಗಡಿಯ ವಾಸನೆ ಅನ್ನಿಸೀತು. ನನಗೆ ಅದು ಕಿಟಕಿಯಿಲ್ಲದ, ಹಗಲೂ ಕತ್ತಲೆ ಇರುವ, ಮೈ ನಡುಗುವಷ್ಟು ತಣ್ಣಗಿನ ಒಂದು ಕೋಣೆಯ ವಾಸನೆ. "ಎಂತ ಮೂಸ್ತಾ ನಿಂತಿದ್ದೀರಿ? ಅಕ್ಕಿ ನೆನೆದು ಎಷ್ಟು ಹೊತ್ತಾಯ್ತು!" ಎಂದು ನನ್ನ ಹೆಂಡತಿ ವಾರಿಜ ಅದನ್ನು ಕೈಯಿಂದ ಕಿತ್ತುಕೊಂಡಳು. ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮತ್ತೆ ಅಡುಗೆಮನೆಗೆ ನಡೆಯಲು ಶುರುಮಾಡಿದೆ.

ಇದು ನನ್ನ ಹಳೆಯ ರೋಗ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮದುವೆಮನೆಯಲ್ಲಿ ಊಟದ ಎಲೆಯ ಮುಂದೆ ಕೂತರೂ ನನ್ನ ಚಪ್ಪಲಿ ಎಲ್ಲಿದೆ ಎಂದು ಎರಡು ಸಲ ತಿರುಗಿ ನೋಡುತ್ತೇನೆ. ಹುಟ್ಟುಗುಣ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಅದು ಒಂದು ಮಂಗಳವಾರ ಶುರುವಾದದ್ದು, ಒಮಾನಿನಲ್ಲಿ. ಆ ಮಂಗಳವಾರಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಆದರೆ ನಾನು ನೇರ ದಾರಿಯಲ್ಲಿ ಹೋಗುವವನಲ್ಲ, ಸ್ವಲ್ಪ ತಾಳಿಕೊಳ್ಳಿ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿಗೆ ಹೋದೆ. ಸೀಬ್ ಪಟ್ಟಣದಲ್ಲಿ ನಾಲ್ಕು ಜನರ ಒಂದು ಕೋಣೆ. ಬೆಳಿಗ್ಗೆ ಆರಕ್ಕೆ ಬರುವ ಬಸ್ಸು ನಮ್ಮನ್ನು ಒಂದು ವಾಯುನೆಲೆಯ ಉಗ್ರಾಣದ ಮುಂದೆ ಇಳಿಸುತ್ತಿತ್ತು. ಯಾವ ನೆಲೆ ಎಂದು ಹೇಳುವುದಿಲ್ಲ. ಹೇಳಬಾರದು ಎಂದು ಆಗ ಒಂದು ಕಾಗದಕ್ಕೆ ಸಹಿ ಹಾಕಿಸಿದ್ದರು. ಈಗ ಕೇಳುವವರು ಯಾರೂ ಇಲ್ಲ, ನನಗೆ ಮಾತ್ರ ಆ ಭಯ ಬಿಟ್ಟಿಲ್ಲ. ಊರಿನಲ್ಲಿ ಮಾತ್ರ ನಾನು 'ಏರ್‌ಫೋರ್ಸಿನಲ್ಲಿದ್ದೇನೆ' ಎಂದು ಸುದ್ದಿಯಾಗಿತ್ತು. ರಜೆಯಲ್ಲಿ ಬಂದಾಗ ಒಬ್ಬರು, "ಎಷ್ಟು ಎತ್ತರಕ್ಕೆ ಹೋಗ್ತೀರಿ ನೀವು?" ಎಂದು ಕೇಳಿದ್ದರು. ಏಣಿಯ ಆರನೇ ಮೆಟ್ಟಿಲಿನವರೆಗೆ ಹೋಗುತ್ತಿದ್ದೆ, ಅದಕ್ಕಿಂತ ಮೇಲಿನ ಕಪಾಟಿಗೆ ತಲೆ ತಿರುಗುತ್ತಿತ್ತು. ಆದರೆ ಅವರಿಗೆ ಹಾಗೆ ಹೇಳಲಿಲ್ಲ, ಸುಮ್ಮನೆ ನಕ್ಕೆ.

ವಿಮಾನ ಹಾರುವುದು ಪೈಲಟ್‌ನಿಂದ ಎಂದು ನಾನೂ ತಿಳಿದಿದ್ದವನೇ. ಆಮೇಲೆ ಗೊತ್ತಾಯಿತು, ಅದು ಹಾರುವುದು ಕಪಾಟುಗಳಿಂದ. ಬೆರಳಿನ ಉಗುರಿನಷ್ಟು ವಾಷರ್‌ನಿಂದ ಹಿಡಿದು ಆಳೆತ್ತರದ ಚಕ್ರದವರೆಗೆ ಪ್ರತಿಯೊಂದಕ್ಕೂ ಒಂದು ನಂಬರು, ಒಂದು ಕಾರ್ಡು, ಒಂದು ಚೀಟಿ. ಹಳದಿ ಚೀಟಿ ಇದ್ದರೆ ವಿಮಾನಕ್ಕೆ ಹಾಕಬಹುದು. ಕೆಂಪು ಇದ್ದರೆ ಮುಟ್ಟಬಾರದು. ಹಸಿರು ಅಕ್ಷರ ಮೂಡುವ ಕಂಪ್ಯೂಟರ್ ಬಂದ ಮೇಲೂ ನಮ್ಮ ಹಿರಿಯ ಸ್ಟೋರ್‌ಕೀಪರ್ ಫೆಲಿಕ್ಸ್ ಕಾರ್ಡು ಬಿಡಲಿಲ್ಲ. ನಮ್ಮೂರಿನ ಹತ್ತಿರದ ಶಿರ್ವದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಊರಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ರೂಢಿಯಂತೆ ನಾನು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆ. ನಮ್ಮಿಬ್ಬರ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಕರೆಂಟು ಹೋದ್ರೆ ಕಂಪ್ಯೂಟರ್ ಎಂತ ಹೇಳ್ತದೆ? ಕಾರ್ಡು ಹೇಳ್ತದೆ ಮಾರಾಯ," ಎನ್ನುತ್ತಿದ್ದರು.

ಆ ಉಗ್ರಾಣದೊಳಗೆ ರಬ್ಬರಿಗೆಂದೇ ಬೇರೆ ಕೋಣೆಯಿತ್ತು. ಎಣ್ಣೆ ಸೋರದಂತೆ ಹಿಡಿಯುವ ಬಳೆಗಳು, ಸೀಲುಗಳು. ರಬ್ಬರಿಗೆ ಬಿಸಿಲಾಗದು, ಬೆಳಕಾಗದು, ಸೆಕೆಯಾಗದು. ನಾವು ಹೊರಗೆ ಬೆವರಿನಲ್ಲಿ ಮುಳುಗಿದ್ದರೆ ಅದು ಒಳಗೆ ಹಗಲೂ ರಾತ್ರಿ ಎಸಿಯಲ್ಲಿ ಮಲಗಿರುತ್ತಿತ್ತು, ಮನೆಗೆ ಬಂದ ಹೊಸ ಅಳಿಯನ ಹಾಗೆ. ಅಷ್ಟು ಉಪಚಾರ ಮಾಡಿದರೂ ಅದಕ್ಕೆ ಆಯುಷ್ಯ ಇಷ್ಟೇ ಎಂದು ಪೊಟ್ಟಣದ ಮೇಲೆ ತಾರೀಕು ಇರುತ್ತಿತ್ತು. ತಾರೀಕು ಮುಗಿದದ್ದನ್ನು ತಿಂಗಳ ಮೊದಲ ಶನಿವಾರ ಕತ್ತರಿಯಿಂದ ಎರಡು ತುಂಡು ಮಾಡಬೇಕು. ಒಬ್ಬ ಕತ್ತರಿಸಬೇಕು, ಇನ್ನೊಬ್ಬ ಕಣ್ಣಾರೆ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು.

ಆ ಶನಿವಾರ ಬಂದರೆ ನನಗೆ ಕತ್ತರಿ ಹುಡುಕಲೇ ಅರ್ಧ ಗಂಟೆ ಬೇಕಾಗುತ್ತಿತ್ತು. ನಾನು ಬೆಳೆದ ಮನೆ ಎಂಥದ್ದೆಂದರೆ, ಅಪ್ಪ ಬಾಗಿದ ಮೊಳೆಯನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುತ್ತಿದ್ದರು. ಅಮ್ಮ ಸಾಮಾನು ಕಟ್ಟಿ ಬಂದ ದಾರವನ್ನು ಬಿಚ್ಚಿ ಉಂಡೆ ಸುತ್ತಿಡುತ್ತಿದ್ದಳು. ಅಂಥವನ ಕೈಗೆ ಕತ್ತರಿ ಕೊಟ್ಟು, ಹೊಳೆಯುವ ಹೊಸ ರಬ್ಬರನ್ನು ತುಂಡು ಮಾಡು ಅಂದರೆ? ಒಂದು ವರ್ಷ ಫೆಲಿಕ್ಸ್ ಎದುರಿಗೇ ನಿಂತು ನೋಡಿದರು. ಆಮೇಲೆ ನಮ್ಮೂರಿನವನಲ್ಲವೇ ಎಂಬ ನಂಬಿಕೆ ಬಂತು. ಕೆಲಸ ಹೆಚ್ಚಿದ್ದ ದಿನ "ನೀನು ಕತ್ತರಿಸಿಡು" ಎಂದು ಹೇಳಿ, ಪುಸ್ತಕಕ್ಕೆ ಸಹಿ ಹಾಕಿ ಹೋಗುತ್ತಿದ್ದರು. ನಾನು ಹತ್ತರಲ್ಲಿ ಏಳು ಕತ್ತರಿಸುತ್ತಿದ್ದೆ. ಉಳಿದ ಮೂರನ್ನು ಒಂದು ಹಾಲಿನ ಪುಡಿಯ ಡಬ್ಬಿಗೆ ಹಾಕಿ, ನನ್ನ ಮೇಜಿನ ಕೆಳಗೆ ಇಡುತ್ತಿದ್ದೆ. ಕದಿಯಬೇಕೆಂದಲ್ಲ, ಮಾರಬೇಕೆಂದೂ ಅಲ್ಲ. ಇರಲಿ, ಎಂದಾದರೂ ಬೇಕಾದೀತು ಎಂದು, ಅಷ್ಟೇ.

ತೊಂಬತ್ತರಲ್ಲಿ ಕುವೈತಿನ ಗಲಾಟೆ ಶುರುವಾಯಿತು. ನಮ್ಮಲ್ಲಿ ಯುದ್ಧವೇನೂ ಇರಲಿಲ್ಲ, ಆದರೆ ವಿಮಾನಗಳು ಇಳಿದದ್ದೇ ಏರುತ್ತಿದ್ದವು, ಕಪಾಟುಗಳು ಖಾಲಿಯಾಗುತ್ತಿದ್ದವು. ಹೊರದೇಶದಿಂದ ಬರಬೇಕಾದ ಪೆಟ್ಟಿಗೆಗಳು ಎಲ್ಲೆಲ್ಲೋ ಸಿಕ್ಕಿಕೊಂಡಿದ್ದವು. ಅದೇ ಹೊತ್ತಿಗೆ ನನ್ನ ಸ್ವಂತದ್ದೂ ಒಂದು ಗಡಿಬಿಡಿ ನಡೆದಿತ್ತು. ನಾಲ್ಕು ವರ್ಷ ಕಾದ ಮೇಲೆ ಫ್ಯಾಮಿಲಿ ವೀಸಾದ ಕಾಗದ ತಯಾರಾಗಿತ್ತು. ವಾರಿಜ ಮತ್ತು ಮೂರು ವರ್ಷದ ಮಗಳು ಚಳಿಗಾಲಕ್ಕೆ ಬರುವುದೆಂದು ನಿಶ್ಚಯವಾಗಿತ್ತು. ಸೀಬ್‌ನ ಸೂಕ್, ಅಂದರೆ ಹಳೆಯ ಪೇಟೆ, ಅದರ ಹಿಂದೆ ಎರಡು ಕೋಣೆಯ ಮನೆ ನೋಡಿ, ಮಗಳಿಗೆಂದು ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದ್ದೆ.

ಆ ಮಂಗಳವಾರ ಬೆಳಿಗ್ಗೆ ಮೆಕ್ಯಾನಿಕ್ ಸಾಲಿಂ ಕೌಂಟರಿಗೆ ಓಡಿಬಂದ. ಒಮಾನಿನದೇ ಸುವೈಕ್ ಊರಿನ ಹುಡುಗಾಟದ ಮನುಷ್ಯ, ಉರ್ದು ಚೆನ್ನಾಗಿ ಬರುತ್ತಿತ್ತು, ಶನಿವಾರ ಊರಿನಿಂದ ಬರುವಾಗ ನನಗೆಂದು ಖರ್ಜೂರ ತರುತ್ತಿದ್ದ. ಮಸೀರಾ ದ್ವೀಪಕ್ಕೆ ಜನ, ಸಾಮಾನು ತುಂಬಿಕೊಂಡು ಹೋಗಬೇಕಾದ ವಿಮಾನ ನಿಂತುಬಿಟ್ಟಿದೆ. ಚಕ್ರದ ಕಾಲಿನಿಂದ ಎಣ್ಣೆ ಸೋರುತ್ತಿದೆ, ಒಂದು ಸೀಲ್ ಬೇಕು. ಕಾರ್ಡು ನೋಡಿದೆ. ಸೊನ್ನೆ. ಫೆಲಿಕ್ಸ್ ಬಂದರಿಗೆ ಹೋಗಿದ್ದರು. "ಯಲ್ಲಾ ಸದೀಕ್, ಕುಛ್ ಕರೋ," ಬೇಗ ಗೆಳೆಯ, ಏನಾದರೂ ಮಾಡು ಎಂದು ಸಾಲಿಂ ಕೌಂಟರು ಬಡಿಯುತ್ತಿದ್ದ. ನಾನು ಮೇಜಿನ ಕೆಳಗೆ ಬಗ್ಗಿದೆ. ಡಬ್ಬಿಯಲ್ಲಿ ಅದೇ ನಂಬರಿನವು ಎರಡಿದ್ದವು. ಒಂದನ್ನು ಹೊಸ ಪೊಟ್ಟಣಕ್ಕೆ ಹಾಕಿ, ಹಳದಿ ಚೀಟಿ ಬರೆದು, ಸಹಿ ಹಾಕಿ ಕೊಟ್ಟೆ. ಸಾಲಿಂ ನನ್ನ ಹಣೆಗೆ ಮುತ್ತಿಟ್ಟು ಓಡಿದ. ಎರಡು ಗಂಟೆಯಲ್ಲಿ ವಿಮಾನ ಏರಿದ ಸದ್ದು ಕೇಳಿತು. ನನ್ನ ಎದೆ ಉಬ್ಬಿದ್ದು ನಿಜ. ಅಷ್ಟು ದೊಡ್ಡ ವಾಯುನೆಲೆಯನ್ನು ನಮ್ಮ ಅಪ್ಪನ ಮೊಳೆಬುದ್ಧಿ ಕಾಪಾಡಿತ್ತು!

ಆ ಖುಷಿಯಲ್ಲೇ ಡಬ್ಬಿಯಲ್ಲಿ ಉಳಿದ ಇನ್ನೊಂದನ್ನು ಎತ್ತಿ, ಸುಮ್ಮನೆ ಎರಡು ಹೆಬ್ಬೆರಳಿನಿಂದ ಎಳೆದೆ. ಕೂದಲಿನಂಥ ಬಿರುಕುಗಳು ಸಾಲಾಗಿ ತೆರೆದವು. ಎಸಿ ಇಲ್ಲದ ಮೇಜಿನ ಕೆಳಗೆ ಎಷ್ಟು ಬೇಸಿಗೆ ಕಳೆದಿತ್ತೋ ಅದು.

ಆಗ ನಾನು ನಡೆಯಲು ಶುರುಮಾಡಿದ್ದು. ಕಪಾಟುಗಳ ನಡುವೆ ಆ ತುದಿಗೆ, ಈ ತುದಿಗೆ. ಹೇಳಿದರೆ ವೀಸಾ ಹೋಯಿತು. ಹೇಳದಿದ್ದರೆ? ಹೇಳದಿದ್ದರೆ ಏನೂ ಆಗದೇ ಇರಬಹುದು. ಗುಲಾಬಿ ಬಣ್ಣದ ಗೋಡೆ ಕಣ್ಣಮುಂದೆ ಬರುತ್ತಿತ್ತು. ಫೆಲಿಕ್ಸ್ ಬಂದು ಟೋಪಿ ತೆಗೆದು ಮೇಜಿನ ಮೇಲಿಡುವಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೆ. ಹೇಳಿದ್ದು ಧೈರ್ಯದಿಂದಲ್ಲ. ಊರಿನವರು, ಏನಾದರೂ ಮಾಡಿ ಮುಚ್ಚಿಹಾಕುತ್ತಾರೆ ಎಂಬ ಆಸೆಯಿಂದ.

ಅವರು ಬಿರುಕು ಬಿಟ್ಟ ಬಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಫೋನಿಗೆ ಕೈಹಾಕಿದರು.

"ಹಾರಿ ಆಯ್ತಲ್ಲ ಪೊರ್ಬುಗಳೇ. ಇನ್ನು ಹೇಳಿ ಎಂತ ಪ್ರಯೋಜನ?" ಎಂದೆ.

"ಇಳಿಸುವವನಿಗೆ ಗೊತ್ತಿರ್ಬೇಕಲ್ಲ," ಎಂದರು.

ವರ್ಕ್‌ಶಾಪಿನ ಇಂಗ್ಲಿಷ್ ಸಾಹೇಬನಿಗೆ ಅವರು ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತೇ ಕೇಳಿದೆ. ಸೀಲಿನ ತಾರೀಕು ಮುಗಿದಿದೆ. ಕತ್ತರಿಸಿದ್ದನ್ನು ನೋಡದೆ ಸಹಿ ಹಾಕಿದವನು ನಾನು, ಫೆಲಿಕ್ಸ್. ಕೊಟ್ಟವನು ಇಂಥವನು. ಅವನೇ ಬಂದು ಹೇಳಿದ್ದಾನೆ. ನನ್ನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಆ ತಂತಿಯಲ್ಲಿ ಹೋಯಿತು. ವಿಮಾನಕ್ಕೆ ರೇಡಿಯೋದಲ್ಲಿ ತಿಳಿಸಿದರು. ಮಸೀರಾದಲ್ಲಿ ಬೆಂಕಿ ಆರಿಸುವ ಗಾಡಿ ನಿಲ್ಲಿಸಿದರು. ಒಂದು ಗಂಟೆ ನಾನು ಮುಳ್ಳಿನ ಮೇಲಿದ್ದೆ. ಕೊನೆಗೆ ಫೋನು ಬಂತು, ಸುರಕ್ಷಿತವಾಗಿ ಇಳಿದಿದೆ. ಎರಡು ದಿನದ ಮೇಲೆ ಸೀಲ್ ಬಿಚ್ಚಿ ನೋಡಿದರೆ, ಜೊತೆಯದು ಬಿರುಕು ಬಿಟ್ಟಿದ್ದರೂ ಅದರಲ್ಲಿ ಒಂದು ಗೀರೂ ಇರಲಿಲ್ಲ.

ನಾನಾಗಿ ಹೇಳಿದೆ ಎಂಬ ಕಾರಣಕ್ಕೆ ನನ್ನನ್ನು ಊರಿಗೆ ಅಟ್ಟಲಿಲ್ಲ. ನಮ್ಮನ್ನು ಕೆಲಸಕ್ಕೆ ತಂದಿದ್ದ ಕಂಪನಿಯದೇ ಒಂದು ಗೋದಾಮು ಘಾಲಾದಲ್ಲಿತ್ತು, ಅಲ್ಲಿಗೆ ಹಾಕಿದರು. ಕಂಬಳಿ, ಬೂಟು, ಡೇರೆಯ ಗೂಟ. ಆ ಹುದ್ದೆಗೆ ಕುಟುಂಬ ತರುವ ಅವಕಾಶವಿರಲಿಲ್ಲ, ವೀಸಾ ಖಲಾಸ್. ಏಳು ವರ್ಷ ಅಲ್ಲಿ ಒಂಟಿಯಾಗಿದ್ದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಗಳು ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಫೆಲಿಕ್ಸರಿಗೆ ಎಚ್ಚರಿಕೆಯ ಪತ್ರ ಮಾತ್ರ. ಅವರ ಮಕ್ಕಳು ಸೀಬ್‌ನ ಇಂಡಿಯನ್ ಸ್ಕೂಲಿಗೆ ಹೋಗುತ್ತಲೇ ಇದ್ದರು. ಅದು ನನಗೆ ಉರಿಯಿತು. ತುಂಬಾ ಉರಿಯಿತು.

ವಾರಿಜಳಿಗೆ ಪತ್ರ ಬರೆದೆ, 'ಫೆಲಿಕ್ಸ್ ನನ್ನ ಹೆಸರು ಮೇಲಿನವರಿಗೆ ಕೊಟ್ಟ. ಸೀಲಿನಲ್ಲಿ ದೋಷವೇ ಇರಲಿಲ್ಲ.' ಎರಡೂ ನಿಜ. ಡಬ್ಬಿಯ ವಿಷಯ, ಬಿರುಕಿನ ವಿಷಯ, ನಾನೇ ಹೋಗಿ ಹೇಳಿದ ವಿಷಯ ಬರೆಯಲಿಲ್ಲ. ಅರ್ಧ ನಿಜ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದು ನನಗೇ ಆಶ್ಚರ್ಯ. ಮರುವರ್ಷ ಫೆಲಿಕ್ಸ್ ರಜೆಯಲ್ಲಿ ಬಂದವರು ಮಗಳಿಗೊಂದು ಫ್ರಾಕು ಹಿಡಿದು ನಮ್ಮ ಮನೆಗೆ ಹೋದರಂತೆ. ವಾರಿಜ ಒಳಗೆ ಕರೆಯಲಿಲ್ಲ. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸಿದಳು. ನಮ್ಮ ಕಡೆ ವೈರಿಗೂ ಹಾಗೆ ಮಾಡುವುದಿಲ್ಲ. ಅದನ್ನು ಅವಳು ಹೆಮ್ಮೆಯಿಂದ ಬರೆದಿದ್ದಳು. ನಾನು ಓದಿ ಮಡಚಿಟ್ಟೆ. ತಿದ್ದಲಿಲ್ಲ.

ಮೊನ್ನೆ ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ಚುಟುಕಾಗಿ ಅವಳಿಗೆ ಹೇಳಿದೆ. ಒಬ್ಬ ಮೆಕ್ಯಾನಿಕ್ ಬಂದ, ಕೊಟ್ಟೆ, ಬಿರುಕು ನೋಡಿದೆ, ನಾನೇ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆ ಏಳು ವರ್ಷದ ಲೆಕ್ಕ ಕೇಳುತ್ತಾಳೆ, ಮಗಳ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆ ಸಣ್ಣ ಮಾಡಿದಳು.

"ಆ ಮನುಷ್ಯನನ್ನು ನಾನು ಅಂಗಳದಿಂದಲೇ ಕಳಿಸಿದೆ," ಎಂದಳು. ಮತ್ತೆ, "ಆ ವಿಮಾನದಲ್ಲಿ ಎಷ್ಟು ಜನ ಇದ್ರು?"

"ಗೊತ್ತಿಲ್ಲ."

"ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳ್ಲಿಲ್ವಾ ನೀವು?"

ಕೇಳಿರಲಿಲ್ಲ. ಹೋದ ವೀಸಾ, ಹೋದ ವರ್ಷ, ಫೆಲಿಕ್ಸರ ಮಕ್ಕಳ ಶಾಲೆ, ಎಲ್ಲ ನೆನಪಿಟ್ಟುಕೊಂಡಿದ್ದೆ. ಇದೊಂದು ನನಗೆ ಹೊಳೆದೇ ಇರಲಿಲ್ಲ.

ನಂಬರು ಹುಡುಕಬೇಕಾಗಲಿಲ್ಲ. ಸೀಬ್‌ನಲ್ಲಿದ್ದವರ ವಾಟ್ಸಾಪ್ ಗುಂಪಿನಲ್ಲಿ ಫೆಲಿಕ್ಸ್ ಇದ್ದಾರೆ. ಅವರ ದಿನದ ಗುಡ್ ಮಾರ್ನಿಂಗನ್ನು ವರ್ಷಗಳಿಂದ ಕಾಣದವನಂತೆ ದಾಟಿಕೊಂಡು ಬಂದಿದ್ದೇನೆ. ವಾರಿಜ ಎದುರಿಗೇ ನಿಂತಿದ್ದಳು. ಫೋನು ಮಾಡಿದೆ.

"ಪೊರ್ಬುಗಳೇ, ನಾನು."

"ಗೊತ್ತಾಯ್ತು ಮಾರಾಯ. ನಿನ್ನ ಸ್ವರ ಬದಲಾಗ್ಲಿಲ್ಲ."

ಕ್ಷೇಮಸಮಾಚಾರ ಕೇಳಬೇಕಿತ್ತು, ಕ್ಷಮೆ ಕೇಳಬೇಕಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ. "ಅವತ್ತು ಆ ವಿಮಾನದಲ್ಲಿ ಎಷ್ಟು ಜನ ಇದ್ರು?"

ಯಾವತ್ತು, ಯಾವ ವಿಮಾನ ಎಂದು ಅವರು ಕೇಳಲಿಲ್ಲ.

"ಇಪ್ಪತ್ಮೂರು," ಎಂದರು. "ಸಾಲಿಂನೂ ಹೋಗಿದ್ದ ಅದ್ರಲ್ಲಿ. ಮತ್ತೆ ಸೋರಿದ್ರೆ ಅಲ್ಲೇ ಸರಿ ಮಾಡ್ತೇನೆ ಅಂತ ಹತ್ತಿದ್ದು. ನಿನಗೆ ಗೊತ್ತಿರ್ಲಿಲ್ವಾ?"

ನಾಳೆ ಶಿರ್ವಕ್ಕೆ ಬರುತ್ತೇವೆ ಎಂದಷ್ಟೇ ಹೇಳಿ ಫೋನು ಇಟ್ಟೆ. ವಾರಿಜ ಕಾಯುತ್ತಿದ್ದಳು.

"ಇಪ್ಪತ್ಮೂರು ಜನ," ಎಂದೆ. "ಸಾಲಿಂನೂ ಇದ್ದ."

"ಸಾಲಿಂ ಯಾರು?" ಎಂದಳು.

ಅಡುಗೆಮನೆಯ ಸ್ಟೂಲ್ ಎಳೆದು ಕೂತೆ. ಸಾಲಿಂ ಯಾರೆಂದು ಹೇಳಲು ಶುರುಮಾಡಿದೆ.