ಕಳಸದ ಲಾರಿಯ ಯೂರಿಯಾ ಪಂಪು

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಮೂಡಿಗೆರೆ ಬಿಟ್ಟೆ. ಕಳಸಕ್ಕೆ ಎರಡು ಗಂಟೆಯ ದಾರಿ. ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಳಿದು ನೀರುದೋಸೆ ತಿಂದೆ. ಮಂಜಿಗೆ ಎದುರಿನ ಅಂಗಡಿಯೇ ಕಾಣುತ್ತಿರಲಿಲ್ಲ.

ಕರೆದವರು ಕಳಸದ ಮೆಣಸಿನ ವ್ಯಾಪಾರಿ ರುದ್ರಪ್ಪನವರು, ಅವರಿಗೆ ತೋಟವೂ ಇದೆ. ಡೀಸೆಲ್ ಹೊಗೆಯ ವಿಷ ತಗ್ಗಿಸಲು ಯೂರಿಯಾ ದ್ರವ ಕಳಿಸುವ ಡಿಇಎಫ್ ಪಂಪು ಅವರ ಲಾರಿಯಲ್ಲಿ ನಿಂತುಹೋಗಿತ್ತು. ಅದು ನಿಂತರೆ ಗಾಡಿ ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಮೇಲೆ ಓಡದು. ಹಿಂದಿನ ದಿನ ಫೋನಿನಲ್ಲಿ, "ಡ್ರೈವರ್ ಯೂರಿಯಾ ಟ್ಯಾಂಕಿಗೆ ನೀರು ಹೊಯ್ದಿರ್ಬೇಕು" ಎಂದುಬಿಟ್ಟಿದ್ದೆ. ಮೂವತ್ತು ವರ್ಷದಿಂದ ಗಾಡಿಗಳ ಎಲೆಕ್ಟ್ರಿಷಿಯನ್ ಅಲ್ಲವೆ, ನಾಲಿಗೆ ಸ್ವಲ್ಪ ಉದ್ದ.

ಅಂಗಳದಲ್ಲಿ ಡ್ರೈವರ್ ಸುಂದರ ಬಟ್ಟೆಯ ಚೀಲ ಹಿಡಿದು ನಿಂತಿದ್ದ.

"ಇವ್ನಿಗೆ ಕೆಲ್ಸ ಬಿಡಿಸಿದೆ," ಎಂದರು ರುದ್ರಪ್ಪನವರು. "ನೀವೇ ಹೇಳಿದ್ರಲ್ಲ, ನೀರು ಅಂತ."

ಮೊದಲು ದ್ರವವನ್ನೇ ಪರೀಕ್ಷಿಸಿದೆ; ಹದ ಸರಿಯಾಗಿತ್ತು, ನೀರು ಬೆರೆತಿರಲಿಲ್ಲ. ಫ್ಯೂಸೂ ಸರಿ. ಪಂಪಿನ ಪ್ಲಗ್ ಕಳಚಿ ಮೀಟರ್ ಇಟ್ಟರೆ ಇರಬೇಕಾದ ಇಪ್ಪತ್ನಾಲ್ಕು ವೋಲ್ಟೇ ಇತ್ತು. ಆದರೆ ಏನನ್ನೂ ಓಡಿಸದೆ ಹೊರೆಯಿಲ್ಲದ ತಂತಿ ಹೇಳುವುದನ್ನು ನಂಬಬಾರದು. ಅದಕ್ಕೆ ಹೆಡ್‌ಲೈಟ್ ಬಲ್ಬು ಜೋಡಿಸಿದೆ, ಮಿಣಮಿಣ ಎಂದಿತು. ಬಲ್ಬಿನ ಅರ್ಥ್ ತಂತಿಯನ್ನು, ಎಂದರೆ ಕರೆಂಟು ವಾಪಸಾಗುವ ತಂತಿಯನ್ನು, ನೇರ ಬ್ಯಾಟರಿಯ ನೆಗೆಟಿವ್ ತುದಿಗೆ ಮುಟ್ಟಿಸಿದೆ, ಝಗ್ಗನೆ ಉರಿಯಿತು. ಹಾಗಾದರೆ ಕಳ್ಳ ಅರ್ಥ್‌ನಲ್ಲೇ ಇದ್ದಾನೆ. ಚಾಸಿಯ ಅಡಿಗೆ ಹೋಗಿ ಅರ್ಥ್ ಬೋಲ್ಟು ಬಿಚ್ಚಿದೆ. ಒಳಗೆಲ್ಲ ನೀಲಿ ಹಸಿರು ಪುಡಿ, ನಡುವೆ ಬಿಳಿ ಸುಣ್ಣ.

"ಇದು ಮೈಲುತುತ್ತ. ಸುಣ್ಣ ಬೆರೆಸಿ ತೋಟಕ್ಕೆ ಹೊಡೆಯೋ ಬೋರ್ಡೋ ಔಷಧಿ, ಬೋಲ್ಟು ತಿಂದುಬಿಟ್ಟಿದೆ. ಲಾರಿಗೆ ಹ್ಯಾಗೆ ಬಂತು?"

ಸುಂದರ ನೆಲ ನೋಡಿದ. ರುದ್ರಪ್ಪನವರು ಕೆಮ್ಮಿದರು.

"ಔಷಧಿ ಹೊಡೆದು ಮುಗಿದಿತ್ತು. ಅದೇ ಮೋಟರಲ್ಲಿ ನಾನೇ ಗಾಡಿ ತೊಳ್ದೆ ಮಾರಾಯ್ರೆ. ಡ್ರಮ್ಮಲ್ಲಿ ಸ್ವಲ್ಪ ಉಳಿದಿತ್ತೇನೋ. ಪ್ರೆಷರ್ ಚೆನ್ನಾಗಿರ್ತದೆ ಅಂತ..."

"ನೀನು ಯಾಕೆ ಹೇಳ್ಲಿಲ್ಲ?" ಎಂದು ಸುಂದರನನ್ನು ಕೇಳಿದೆ.

"ತೊಳೆಯೋವಾಗ್ಲೇ ಬೇಡ ಅಂದಿದ್ದೆ."

ಬೋಲ್ಟು ಉಜ್ಜಿ, ಹೊಸ ಟರ್ಮಿನಲ್ ಹಾಕಿ, ಗ್ರೀಸ್ ಬಳಿದು, ಸ್ಕ್ಯಾನರಿನಲ್ಲಿ ದೋಷದ ಕೋಡ್ ಅಳಿಸಿದೆ. ಪಂಪು ಗುಂಯ್ ಎಂದಿತು. ರುದ್ರಪ್ಪನವರು ತಪ್ಪಾಯಿತು ಎನ್ನಲಿಲ್ಲ. "ಇವ್ರನ್ನ ಕೊಟ್ಟಿಗೆಹಾರಕ್ಕೆ ಬಿಟ್ಟು ಬಾ, ಗಾಡಿ ಓಡಿಸಿ ನೋಡಿದ ಹಾಗೂ ಆಗ್ತದೆ," ಎಂದು ಸುಂದರನಿಗೆ ಹೇಳಿ ಒಳಗೆ ಹೋದರು. ಸುಂದರ ಚೀಲವನ್ನು ಸೀಟಿನ ಹಿಂದೆ ಇಟ್ಟ.

ಏರಿನಲ್ಲಿ ಲಾರಿ ಸಲೀಸಾಗಿ ನಲವತ್ತು ದಾಟಿತು. "ತಪ್ಪಾಯ್ತು ಮಾರಾಯ," ಎಂದೆ.

ಅವನು ಗೇರು ಬದಲಿಸಿದ. "ಯಜಮಾನ್ರ ಸಿಟ್ಟು ನಂಗೆ ಹೊಸ್ತಲ್ಲ. ಹದಿನಾರು ವರ್ಷ ನನ್ನ ಮಾತು ನಂಬಿದ್ರು. ನೀವು ಫೋನಿಟ್ಟ ಮೇಲೆ ನಂಬ್ಲಿಲ್ಲ."

ಕೊಟ್ಟಿಗೆಹಾರದಲ್ಲಿ ಇಳಿದು ಕೈ ಮುಗಿದೆ. ಅವನು ಮುಗಿಯಲಿಲ್ಲ, ಲಾರಿ ತಿರುಗಿಸಿಕೊಂಡು ಕಳಸದ ಕಡೆಗೆ ಹೊರಟ.