ಲಾಂಚಿನ ಮಗ್ಗುಲಿಗೆ ಬಂದ ಮರಿ

ನಮ್ಮ ಚಿಕ್ಕಮ್ಮ ಬಾವುಟ ಎತ್ತಿದರೆ ಲಾರಿಯೂ ಗಪ್‌ಚಿಪ್ಪಾಗಿ ನಿಲ್ಲುತ್ತಿತ್ತು. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಅವಳದು. ಹಾರ್ನ್ ಹೊಡೆದವನಿಗೆ ಗ್ರಹಚಾರ ಬಿಡಿಸಿಯೇ ಮುಂದಕ್ಕೆ ಕಳಿಸುತ್ತಿದ್ದಳು. ಬಂದರಿನಲ್ಲಿ ಲಾಂಚ್ ಓಡಿಸುವ ಚಿಕ್ಕಪ್ಪ ಅವಳೆದುರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಮನೇಲಿ ಹಸಿರು ಬಾವುಟ ನಾನಂತೂ ನೋಡಿಲ್ಲಪ್ಪ" ಎಂದು ನಮ್ಮ ಹತ್ತಿರ ಗುಟ್ಟಾಗಿ ಹೇಳಿ ನಗುತ್ತಿದ್ದರು.

ಬಂದರು ದೊಡ್ಡದು ಮಾಡುವ ಕೆಲಸ ಶುರುವಾದಾಗ ಗುತ್ತಿಗೆ ಕಂಪನಿಯವರು ಅವಳನ್ನು ಕರೆಸಿಕೊಂಡರು. ಸಮುದ್ರದ ತಳಕ್ಕೆ ಕಬ್ಬಿಣದ ಕಂಬ ಹೊಡೆಯುವ ಚಪ್ಪಟೆ ಹಡಗು, ಅಂದರೆ ಬಾರ್ಜಿನ ಮೇಲೆ ನಿಂತು, ಹತ್ತಿರ ಡಾಲ್ಫಿನ್ ಕಂಡರೆ ಕೆಂಪು ಬಾವುಟ ಎತ್ತಬೇಕು, ಇಲ್ಲದಿದ್ದರೆ ಹಸಿರು. ಆ ಸುತ್ತಿಗೆ ಯಂತ್ರದ ಹೊಡೆತಕ್ಕೆ ದಡದ ಮೇಲಿನ ನಮ್ಮ ಕಿಟಕಿ ಗಾಜು ನಡುಗುತ್ತಿತ್ತು. ನೀರಿನೊಳಗೆ ಕೇಳಬೇಕೆ, ಸದ್ದು ಇನ್ನೂ ದೂರ ಹೋಗುತ್ತದಂತೆ. ಡಾಲ್ಫಿನ್ ತಾಯಿ ಮರಿ ಸಿಳ್ಳೆಯಿಂದಲೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಚಿಕ್ಕಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು.

"ಜನದ ಮಧ್ಯೆ ಕೈ ತಪ್ಪಿದ ಮಗು ಅಮ್ಮಾ ಅಂತ ಕೂಗುತ್ತಲ್ಲ, ಹಾಗೇ ಕಣೆ" ಎಂದು ನನಗೆ ವಿವರಿಸಿದಳು.

ಒಂದು ಬೆಳಿಗ್ಗೆ ಎಲ್ಲೂ ಏನೂ ಕಾಣಲಿಲ್ಲ. ಅವಳು ಹಸಿರು ಬಾವುಟ ತೋರಿಸಿದಳು, ಯಂತ್ರ ಶುರುವಾಯಿತು. ಕೆಲವು ಹೊಡೆತ ಬಿದ್ದಿರಬೇಕು, ದೊಡ್ಡ ಡಾಲ್ಫಿನ್ ಒಂದು ಮೇಲೆದ್ದು ಆಳದ ನೀರಿನ ಕಡೆ ದಿಕ್ಕೆಟ್ಟು ಓಡಿತು. ಹುಟ್ಟಿ ಕೆಲವೇ ದಿನವಾದ ಅದರ ಮರಿ ಬಾರ್ಜಿನ ಈಚೆ ಬದಿಯಲ್ಲೇ ಉಳಿಯಿತು. ಚಿಕ್ಕಮ್ಮ ಕೆಂಪು ಬಾವುಟ ಎತ್ತಿದಳು. ಯಂತ್ರ ನಿಲ್ಲಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಕೊನೆಗೆ ಮೇಸ್ತ್ರಿ ಬಂದು ಅವಳ ಕಿವಿಯ ಹತ್ತಿರ ಕೂಗಿದ.

"ಅಕ್ಕಾ, ನಿಮ್ಮ ಬಾವುಟ ಶುರು ಮಾಡೋಕೆ ಮುಂಚೆ ಮಾತ್ರ. ಅರ್ಧಕ್ಕೆ ನಿಲ್ಸಿದ್ರೆ ಕಂಬ ಮಣ್ಣಲ್ಲಿ ಕಚ್ಕೊಳ್ಳುತ್ತೆ, ಆಮೇಲೆ ಇಳಿಯಲ್ಲ."

"ಅದರಮ್ಮ ಆ ಕಡೆ ಹೋಯ್ತು. ಇದು ಕೂಗಿದ್ರೂ ಅದಕ್ಕೆ ಕೇಳಲ್ಲ."

"ರೂಲ್ಸ್ ಇರೋದೇ ಹಾಗೆ. ನಾನೇನ್ ಮಾಡ್ಲಿ?"

ಆ ರೂಲ್ಸ್ ಬರೆದ ಪುಣ್ಯಾತ್ಮನನ್ನು ನಾನು ಕಂಡಿಲ್ಲ. ಕಂಬಕ್ಕೆ ನೋವಾಗಬಾರದು ಎಂಬ ಕಾಳಜಿ ಮಾತ್ರ ಅವನಿಗೆ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಊಟದ ಡಬ್ಬಿ, ಡೀಸೆಲ್ ಹೇರಿಕೊಂಡು ಚಿಕ್ಕಪ್ಪನ ಲಾಂಚ್ ಬಂತು. ಮರಿ ನೇರವಾಗಿ ಅದರ ಮಗ್ಗುಲಿಗೆ ಹೋಗಿ, ತಾಯಿಯ ಪಕ್ಕ ಈಜುವ ಹಾಗೆಯೇ ಈಜತೊಡಗಿತು. ಚಿಕ್ಕಮ್ಮ ಏಣಿ ಇಳಿದು ಲಾಂಚಿಗೆ ಹಾರಿದಳು.

"ರೀ, ಅದರಮ್ಮ ಹೋದ ಕಡೆ ನಿಧಾನಕ್ಕೆ ಬಿಡಿ. ಹಿಂದೆ ಬರುತ್ತೆ."

ಮರಿ ಬಂತು. ಬಾರ್ಜು ಸಣ್ಣದಾಗಿ ಕಾಣುವಷ್ಟು ದೂರ ಹೋದ ಮೇಲೆ ಅವಳು ಎಂಜಿನ್ ಆಫ್ ಮಾಡಿಸಿದಳು. ತಾಯಿಗೆ ಮರಿಯ ದನಿ ಕೇಳಲಿ ಎಂದು. ಆದರೆ ಸುತ್ತಿಗೆಯ ಪೆಟ್ಟು ಅಲ್ಲಿಗೂ ಬರುತ್ತಿತ್ತು, ಪಾದದಡಿಯ ಹಲಗೆಯೇ ಅದುರುತ್ತಿತ್ತು. ಸಂಜೆ ಹೊತ್ತಿಗೆ ಅದು ನಿಂತಿತು. ಚಿಕ್ಕಮ್ಮ ಹಲಗೆಗೆ ಕಿವಿಯಿಟ್ಟು ಮಲಗಿದಳು. ಮರಿಯ ತೆಳುವಾದ ಸಿಳ್ಳೆ ಕೇಳಿಸಿತು, ಮತ್ತೆ ಮತ್ತೆ ಅದೇ ಸಿಳ್ಳೆ. ಉತ್ತರ ಬರಲಿಲ್ಲ. ತಾಯಿ ಕಿವಿಗೆ ಎಟುಕದಷ್ಟು ದೂರ ಹೋಗಿಯಾಗಿತ್ತು.

"ಹಸಿರು ತೋರ್ಸಿದವಳು ನಾನೇ ಅಲ್ವಾ" ಎಂದು ಚಿಕ್ಕಮ್ಮ ಬಿಕ್ಕಿದಳು. ಅವಳು ಅತ್ತದ್ದನ್ನು ಚಿಕ್ಕಪ್ಪ ನೋಡಿದ್ದು ಅದೇ ಮೊದಲಂತೆ.

ಬೆಳಗಿನಿಂದ ಹಾಲಿಲ್ಲದ ಮರಿ ಏದುಸಿರು ಬಿಡುತ್ತಿತ್ತು. ಲಾಂಚಿನ ಸುತ್ತ ಸುತ್ತಿತು, ತಳಕ್ಕೆ ಮೂತಿ ಉಜ್ಜಿತು, ತಲೆ ಚಚ್ಚಿಕೊಂಡಿತು. ಎಂಜಿನ್ ಓಡುವಾಗ ಅದು ಹೀಗೆ ಮಾಡಿರಲಿಲ್ಲ. ಚಿಕ್ಕಮ್ಮ ಬಹಳ ಹೊತ್ತು ನೋಡಿದಳು.

"ರೀ, ಎಂಜಿನ್ ಹಾಕಿ."

"ಏನಂತೀಯೆ? ನೀನೇ ಬೇಡ ಅಂದೆಯಲ್ಲ."

"ಹಾಕಿ ಅಂದೆ. ಪ್ರೊಪೆಲರ್ ತಿರುಗೋದು ಬೇಡ, ಸದ್ದು ಮಾತ್ರ ಇರ್ಲಿ. ಈ ಸದ್ದನ್ನೇ ಅದು ತನ್ನಮ್ಮ ಅಂದ್ಕೊಂಡಿದೆ."

ಎಂಜಿನ್ ಗುರುಗುಟ್ಟಿತು. ಮರಿ ಮಗ್ಗುಲಿಗೆ ಬಂದು ಒರಗಿ ಸುಮ್ಮನಾಯಿತು. ಚಿಕ್ಕಮ್ಮ ಕೈ ಇಳಿಬಿಟ್ಟು ಅದರ ಬೆನ್ನು ಸವರುತ್ತ ಕುಳಿತಳು. ಅದರ ಉಸಿರು ನಿಂತ ಮೇಲೆಯೇ ಚಿಕ್ಕಪ್ಪ ಎಂಜಿನ್ ಆಫ್ ಮಾಡಿದ್ದು.