ಕೂತವರ ಅಳತೆ

ನಮ್ಮ ಮಾವನವರ ಉಗುರುಗಳ ಅಂಚೆಲ್ಲ ನೀಲಿ. ರಾಯದುರ್ಗದಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವವರ ಕೈಗೆ ಆ ಬಣ್ಣ ಹತ್ತಿದರೆ ಹತ್ತಿತು, ಸೋಪಿಗೂ ಹೋಗುವುದಿಲ್ಲ, ಸೀಗೆಪುಡಿಗೂ ಹೋಗುವುದಿಲ್ಲ. ಕಟಿಂಗ್ ಮಾಸ್ಟರ್ ಆದ್ದರಿಂದ ಊರಿಗೆಲ್ಲ ಅವರು 'ಮಾಸ್ಟ್ರು'. ಅವರ ಕೊರಳಲ್ಲಿ ಎರಡು ಸಾಮಾನು ಸದಾ ಜೋತಾಡುತ್ತಿದ್ದವು. ಒಂದು ಹಳದಿ ಟೇಪು, ಇನ್ನೊಂದು ಕಪ್ಪು ದಾರಕ್ಕೆ ಕಟ್ಟಿದ ಮೋಟಾರ್ ಸೈಕಲ್ಲಿನ ಕೀಲಿಕೈ. ಬಗ್ಗಿ ಬಟ್ಟೆಗೆ ಗುರುತು ಹಾಕುವಾಗ ಕೀಲಿಕೈ ಕತ್ತರಿಗೆ ತಾಗಿ ಕಿಣಿ ಕಿಣಿ ಅನ್ನುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯಲ್ಲಿ ನಿಂತು ಆ ಸದ್ದು ಕೇಳಿದರೆ ನನಗೆ ನಗು ಬರುತ್ತಿತ್ತು. ಮಾವನವರ ಕೈ ಕೆಲಸದಲ್ಲಿದೆ, ಮನಸ್ಸು ಮಾತ್ರ ಆಗಲೇ ಭಾನುವಾರಕ್ಕೆ ಹೋಗಿಬಿಟ್ಟಿದೆ ಎಂದು ಗೊತ್ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಗಾಡಿಗಳ ಸಂತೆ. ಊರಿನ ಬೈಕ್ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಿದ್ದರು. ಒಬ್ಬರು ಸರಕಾರಿ ಶಾಲೆಯ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಉಳಿದವರು ಹೊಲಿಗೆ ಯೂನಿಟ್ಟಿನ ಹುಡುಗರು. ಭೈರವಾನಿತಿಪ್ಪ ಡ್ಯಾಮಿನವರೆಗೆ ಹೋಗಿ, ಇಡ್ಲಿ ತಿಂದು, ವಾಪಸು ಬರುವುದು. ಆದರೆ ಹೊರಡುವ ಮೊದಲು ಒಂದು ಶಾಸ್ತ್ರ ನಡೆಯಬೇಕಿತ್ತು. ಆ ವಾರ ಯಾರು ಏನು ಹೊಸದಾಗಿ ಕೊಂಡಿದ್ದರೂ, ಗ್ಲೌಸಾಗಲಿ, ಬೂಟಾಗಲಿ, ಟ್ಯಾಂಕಿನ ಮೇಲಿಡುವ ಬ್ಯಾಗಾಗಲಿ, ಅದನ್ನು ತಂದು ಮಾವನವರ ಕಟಿಂಗ್ ಟೇಬಲ್ಲಿನ ಮೇಲೆ ಇಡಬೇಕು. ಅವರು ಅದರ ಥಳಕನ್ನು ತಿರುಗಿಯೂ ನೋಡುತ್ತಿರಲಿಲ್ಲ. ಸೀದಾ ಒಳಮೈ ಹೊರಗೆ ತಿರುವಿ, ಹೊಲಿಗೆಯ ಮೇಲೆ ಉಗುರೆಳೆದು, ದಾರ ಜಗ್ಗಿ ನೋಡುತ್ತಿದ್ದರು. "ಹೊರಗಿಂದು ಅಂಗಡಿಯವರಿಗೆ, ಒಳಗಿಂದು ನಮಗ" ಎನ್ನುವುದು ಅವರ ಮಾತು. ಒಪ್ಪಿಗೆಯಾದರೆ ಸಾಮಾನಿಗೆ ಒಂದು ಬೊಟ್ಟು ಕುಂಕುಮ. ಗ್ಲೌಸಿಗೆ ಕುಂಕುಮ ಹಚ್ಚುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕುಂಕುಮ ಬೀಳದ ಸಾಮಾನನ್ನು ಹಾಕಿಕೊಂಡು ಬರುವ ಧೈರ್ಯ ಆ ಗುಂಪಿನಲ್ಲಿ ಯಾರಿಗೂ ಇರಲಿಲ್ಲ.

ಪರರ ಸಾಮಾನಿಗೆ ಇಷ್ಟು ಬಿಗಿ ಮಾಡುವವರು ತಮ್ಮ ಸಾಮಾನನ್ನು ಮಾತ್ರ ಕಳ್ಳತನದಿಂದ ಮನೆಗೆ ತರುತ್ತಿದ್ದರು. ಕೊರಿಯರಿನವನು ಬಂದು ಹೋದ ಮೇಲೆ ನಮ್ಮತ್ತೆ, "ಮತ್ತೇನ್ ತರ್ಸಿದ್ರಿ?" ಎಂದರೆ ಅವರದು ಒಂದೇ ಉತ್ತರ: "ಏನಿಲ್ಲ, ಜಿಪ್ಪು." ಮಳೆಕೋಟು ಬಂದಾಗಲೂ ಜಿಪ್ಪು, ಮೊಬೈಲ್ ಸಿಗಿಸುವ ಸ್ಟ್ಯಾಂಡು ಬಂದಾಗಲೂ ಜಿಪ್ಪು. ಒಂದು ಸಲ ಹೊಸ ಹೆಲ್ಮೆಟ್ ಬಂತು. ಡಬ್ಬ ಕಂಕುಳಲ್ಲಿ ಹಿಡಿಸದೆ ಎರಡೂ ಕೈಯಲ್ಲಿ ತಬ್ಬಿಕೊಂಡು ಒಳಗೆ ಬಂದರು. ಅತ್ತೆ ರೊಟ್ಟಿ ತಟ್ಟುತ್ತಲೇ, "ಈ ಸಲದ ಜಿಪ್ಪು ಭಾರಿ ದುಂಡಗ ಐತಲ್ರಿ" ಎಂದರು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಮಾವನವರು ಆ ಹೊತ್ತಿನ ರೊಟ್ಟಿಯನ್ನು ತಲೆ ಎತ್ತದೆ ತಿಂದರು.

ನಾನು ಮಡಕಶಿರಾ ಕಡೆಯವಳು, ಅಗಳಿಯವಳು. ಅಪ್ಪ ಹೊಲಕ್ಕೆ ಹೋಗುವ ಗಾಡಿಯಲ್ಲೇ ಓಡಿಸುವುದು ಕಲಿತಿದ್ದೆ, ಲೈಸೆನ್ಸೂ ಇತ್ತು. ಮದುವೆಯಾದ ಮೇಲೆ ಅದೆಲ್ಲ ಟ್ರಂಕಿಗೆ ಸೇರಿತು. ರಾಯದುರ್ಗದಿಂದ ಅಗಳಿಗೆ ಹೋಗಬೇಕೆಂದರೆ ಕಲ್ಯಾಣದುರ್ಗದಲ್ಲಿ ಇಳಿ, ಪಾವಗಡದಲ್ಲಿ ಇಳಿ, ಮಡಕಶಿರಾದಲ್ಲಿ ಇಳಿ, ಕೊನೆಗೆ ಆಟೋ ಹತ್ತು. ಆಂಧ್ರದಿಂದ ಕರ್ನಾಟಕಕ್ಕೆ, ಮತ್ತೆ ಆಂಧ್ರಕ್ಕೆ. ಇಲ್ಲವೆಂದರೆ ಸರಕು ತೆಗೆದುಕೊಂಡು ಬಳ್ಳಾರಿಗೆ ಓಡಾಡುವ ನನ್ನ ಗಂಡನಿಗೆ ಬಿಡುವಾಗುವ ತನಕ ಕಾಯಬೇಕು. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆದ ವರ್ಷ ಈ ಕಾಯುವುದು ನನಗೆ ಸಾಕುಬೇಕಾಯಿತು. ನಾನೊಬ್ಬಳೇ ಮಗಳು. ಅಮ್ಮ ಫೋನಿನಲ್ಲಿ "ಬಿಡಮ್ಮಿ, ನಿನ್ಗೂ ಕೆಲ್ಸ ಇರ್ತೈತೆ" ಎಂದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಬೇಕೆನಿಸಿದ ದಿನ ಎದ್ದು ತವರಿಗೆ ಹೋಗಿ ಬರಬೇಕು, ಯಾರ ಬಿಡುವನ್ನೂ ಕಾಯಬಾರದು. ನನಗೆ ಬೇಕಾಗಿದ್ದು ಇಷ್ಟೇ.

ಒಂದು ದಿನ ಧೈರ್ಯ ಮಾಡಿ ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ. "ಮಾವ, ಮನೇಲಿ ಒಂದು ಗಾಡಿ ಸುಮ್ನೆ ನಿಂತೈತೆ. ನಾನು ಅದ್ರಲ್ಲಿ ಅಗಳಿಗೆ ಹೋಗ್ಬತ್ತೀನಿ."

ಅತ್ತೆಯ ಕೈ ಸಾರಿನ ಸೌಟಿನಲ್ಲೇ ನಿಂತಿತು. "ಸೊಸಿ ಗಾಡಿ ಹೊಡ್ಕೊಂಡು ತವರಿಗೆ ಹೊಂಟ್ರ ಊರಾಗ ಏನಂತಾರ? ಗಂಡನ ಮನ್ಯಾಗ ಕರ್ಕೊಂಡ್ ಹೋಗೋರು ಗತಿ ಇಲ್ಲೇನು ಅಂತಾರ."

ಮಾವನವರು ನೀಲಿ ಬೆರಳಿನಿಂದ ಮುದ್ದೆ ಮುರಿಯುತ್ತ, "ಊರಿನವರು ಏನಾರ ಅನ್ಲಿ. ಬಿದ್ರ ಏನಾಗ್ತೈತಿ ಅನ್ನೋದು ನನ್ನ ಚಿಂತಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ತಲಿಯಿಂದ ಕಾಲಿನ ತನಕ ಪೂರ್ತಿ ಸಾಮಾನು ಹಾಕ್ಕೊಂಡ್ರ ಹೋಗು. ಇಲ್ಲಾಂದ್ರ ಕೀಲಿಕೈ ಕೇಳಬ್ಯಾಡ" ಎಂದರು.

ಸಾಮಾನು ಎಲ್ಲಿ ಸಿಗಬೇಕು? ಅನಂತಪುರದಲ್ಲಿ ಇಲ್ಲ, ಬಳ್ಳಾರಿಯಲ್ಲಿ ಇಲ್ಲ. ಎಲ್ಲ ಗಂಡಸರ ಸೈಜು. ಕೊನೆಗೆ ಆನ್‌ಲೈನಿನಲ್ಲಿ ಇದ್ದದ್ದರಲ್ಲಿ ಚಿಕ್ಕದೊಂದು ರೈಡಿಂಗ್ ಜಾಕೆಟ್ ತರಿಸಿದರು. ಭುಜಕ್ಕೆ, ಮೊಣಕೈಗೆ, ಬೆನ್ನಿಗೆ ಗಟ್ಟಿ ಪ್ಯಾಡುಗಳು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ರಿ, ಆಮಿ ಚಿಪ್ಪು ಇದ್ದಂಗ ಐತಿ" ಎಂದರು. ಹಾಕಿಕೊಂಡರೆ ತೋಳು ಬೆರಳು ದಾಟಿ ನೇತಾಡುತ್ತಿತ್ತು. ನನ್ನ ಮುಖ ಸಪ್ಪಗಾದದ್ದನ್ನು ನೋಡಿ ಮಾವನವರು ನಕ್ಕುಬಿಟ್ಟರು. "ರಾಯದುರ್ಗದಾಗ ಇದ್ದು ಅಳತಿ ಸರಿ ಇಲ್ಲ ಅಂತ ಅಳ್ತಾರೇನು? ನಿಂದೊಂದು ಕುರ್ತಾ ಕೊಡು."

ಸೊಸೆಯ ಮೈಗೆ ಮಾವ ಟೇಪು ಹಿಡಿಯುವುದುಂಟೆ? ಅಳತೆಗೆ ಬಟ್ಟೆ ಕೊಡುವುದು ಎಲ್ಲ ಕಡೆ ನಡೆದು ಬಂದದ್ದೇ. ನನಗೆ ಚೆನ್ನಾಗಿ ಕೂರುವ ಕುರ್ತಾವನ್ನು ಟೇಬಲ್ಲಿನ ಮೇಲೆ ಹಾಸಿ, ಅದರ ಮೇಲೆ ಜಾಕೆಟ್ ಇಟ್ಟು, ಗುರುತು ಹಾಕಿ, ಬಿಚ್ಚಿ, ಕತ್ತರಿಸಿ, ಪ್ಯಾಡಿನ ಚೀಲಗಳನ್ನೂ ಮೇಲಕ್ಕೆ ಸರಿಸಿ ಹೊಲಿದರು. ಏನು ಹೊಲಿಗೆ ಅಂತೀರಿ! ಕನ್ನಡಿ ಮುಂದೆ ನಿಂತರೆ ನನಗಾಗಿಯೇ ಹುಟ್ಟಿದ ಹಾಗಿತ್ತು. ಭಾನುವಾರ ಮೇಷ್ಟ್ರು ಅದನ್ನು ತಿರುವಿ ನೋಡಿ, ತೆಲುಗಿನಲ್ಲಿ "ಮಾಸ್ಟರ್, ಚಾಲಾ ಬಾಗುಂದಿ" ಎಂದು ಹೊಗಳಿ ಬೆನ್ನು ತಟ್ಟಿದರು. ಮಾವನವರು ಮೀಸೆಯಲ್ಲೇ ನಕ್ಕು ಕುಂಕುಮ ಹಚ್ಚಿದರು.

ಅಂದೇ ನಾನೂ ಮೂಲೆಯಲ್ಲಿ ನಿಂತಿದ್ದ ಗಾಡಿ ತೆಗೆದು ಅವರ ಜೊತೆ ಡ್ಯಾಮಿನ ಕಡೆ ಹೊರಟೆ. ಹೋಗುವಾಗ ಸ್ವರ್ಗ. ಬರುವಾಗ ಒಂದು ತಿರುವಿನಲ್ಲಿ ಟ್ರ್ಯಾಕ್ಟರಿನಿಂದ ಚೆಲ್ಲಿದ ಮರಳಿತ್ತು. ಮುಂದಿನ ಚಕ್ರ ಜಾರಿತು, ನಾನು ಬಲಮಗ್ಗುಲಿಗೆ ಬಿದ್ದೆ. ದೊಡ್ಡದೇನೂ ಆಗಲಿಲ್ಲ, ಎದ್ದು ನಿಂತೆ. ಆದರೆ ಮೊಣಕೈಯ ಬಟ್ಟೆ ಸವೆದು ಹರಿದು, ಚರ್ಮ ಕಿತ್ತು, ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು. ಪ್ಯಾಡು ಇತ್ತು, ಎಲ್ಲೂ ಹೋಗಿರಲಿಲ್ಲ. ಮೊಣಕೈಯಿಂದ ನಾಲ್ಕು ಬೆರಳು ಮೇಲೆ, ತೋಳಿನ ಮೇಲೆ ಆರಾಮಾಗಿ ಕೂತಿತ್ತು.

ಮನೆಯಲ್ಲಿ ಅತ್ತೆ ಅರಿಶಿನ ಒತ್ತುತ್ತ ಅತ್ತರು. ಅತ್ತು ಮುಗಿಸಿ, "ಮುಗೀತು. ಇನ್ನ ಈ ಮನ್ಯಾಗ ಹೆಣ್ಮಕ್ಳಿಗೆ ಗಾಡಿ ಇಲ್ಲ" ಎಂದರು. ನನಗೆ ಉರಿಯುತ್ತಿದ್ದ ಮೊಣಕೈಗಿಂತ ಆ ಮಾತು ಜಾಸ್ತಿ ಉರಿಯಿತು. ಅಗಳಿ ಮತ್ತೆ ಮೂರು ಬಸ್ಸಿನಾಚೆಗೆ ಹೋಗಿ ಕೂತಿತು.

ಮೇಷ್ಟ್ರು ಸಮಾಧಾನ ಮಾಡಲು ಹೋಗಿ, "ಈ ಕಂಪನಿ ಮಾಲೇ ಸರಿ ಇಲ್ಲ ಬಿಡ್ರಿ ಮಾಸ್ಟ್ರೇ" ಎಂದರು. ಮಾವನವರು ರಕ್ತ ಹತ್ತಿದ ಜಾಕೆಟ್ಟನ್ನು ಎಲ್ಲರೆದುರು ಟೇಬಲ್ಲಿನ ಮೇಲೆ ಹಾಕಿ ಒಳಮೈ ತಿರುವಿದರು. "ಕಂಪನಿಯವರು ಸರಿಯಾಗೇ ಇಟ್ಟಿದ್ರು. ಕೆಡಿಸಿದಾವ ನಾನು. ಹಾಸಿದ ಕುರ್ತಾಕ್ಕ ಅಳತಿ ಮಾಡಿ ಹೊಲದೀನಿ, ನಿಂತವರಿಗೆ ಹೊಲದಂಗ. ಗಾಡಿ ಮ್ಯಾಲೆ ಕುಂತು ಕೈ ಮುಂದ ಚಾಚಿದ್ರ ತೋಳು ಹಿಂದಕ್ಕ ಜಗ್ಗತೈತಿ ಅನ್ನೋದು ಇಷ್ಟು ವರ್ಷ ಗಾಡಿ ಹೊಡದೂ ನನ್ನ ತಲಿಗೆ ಹೊಳಿಲಿಲ್ಲ" ಎಂದರು. ತಪ್ಪೊಪ್ಪಿಕೊಳ್ಳುವಾಗಲೂ ಅವರ ದನಿ ತಗ್ಗಲಿಲ್ಲ. ಮತ್ತೆ ಅದೇ ಕೈಯಲ್ಲಿ ಬ್ಲೇಡು ಹಿಡಿದು, ಎಲ್ಲರೂ ಹೊಗಳಿದ ಆ ಹೊಲಿಗೆಯನ್ನು ಪರ ಪರ ಬಿಚ್ಚಿದರು.

ಗಾಯ ಮಾಯುವವರೆಗೆ ಸುಮ್ಮನಿದ್ದು, ಒಂದು ಬೆಳಿಗ್ಗೆ ಗಾಡಿಯನ್ನು ಅಂಗಳದ ನಡುವೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. "ಯವ್ವಾ, ಹತ್ತಿ ಕುಂದ್ರು. ಹ್ಯಾಂಡಲ್ ಹಿಡಿ." ಆಮೇಲೆ ಕೊರಳಿನ ಟೇಪು ತೆಗೆದು ಅತ್ತೆಯ ಮುಂದೆ ಹಿಡಿದರು. "ತಗೋ. ಅಳತಿ ನೀನು ಹಿಡಿ, ನಾನು ಈ ಕಡಿ ತಿರುಗಿ ನಿಂತು ಬರ್ಕೊಂತೀನಿ."

"ನಾನ್ಯಾಕ ಹಿಡೀಲಿ? ಬ್ಯಾಡ ಅಂದಾಕಿ ನಾನು!"

"ಬ್ಯಾಡ ಅಂದಾಕಿ ಕೈಯಾಗ ಟೇಪು ಇದ್ರ ಅಳತಿ ಸುಳ್ಳಾಗಂಗಿಲ್ಲ. ಹಿಡಿ."

ಅತ್ತೆ ಗೊಣಗುತ್ತಲೇ ಬಂದರು. ಭುಜದಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು. ಕೈ ಮಡಚಿಸಿದರು, ಚಾಚಿಸಿದರು. ನನ್ನ ಮೊಣಕೈಯ ಹೊಸ ಚರ್ಮದ ಹತ್ತಿರ ಬಂದಾಗ ಅವರ ಬೆರಳು ನಿಂತಿತು. ಅಲ್ಲೇ ಅಂಗೈಯಿಟ್ಟು ಮುಚ್ಚಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ ಮಾವನವರಿಗೆ, "ರೀ, ಇಲ್ಲಿ ಇನ್ನೊಂದು ಬೆರಳು ಜಾಸ್ತಿ ಬಿಡ್ರಿ. ಆಮ್ಯಾಲೆ ಪ್ಯಾಡಿನ ಕೆಳಗೊಂದು ಪಟ್ಟಿ ಹಚ್ಚ್ರಿ, ಜಾರಬಾರದು" ಎಂದರು. ಮಾವನವರು ತಿರುಗದೆ "ಹೌದ್ರೀ ಮೇಡಂ" ಎಂದರು. ಅಂದು ಆ ಮನೆಯಲ್ಲಿ ನಾನು ನಕ್ಕಷ್ಟು ಮೊದಲೆಂದೂ ನಕ್ಕಿರಲಿಲ್ಲ.

ಮತ್ತೊಂದು ಜಾಕೆಟ್ ತರಿಸಿ ಆ ಅಳತೆಗೆ ಹೊಲಿದರು. ಅದನ್ನು ಹಾಕಿಕೊಂಡು ನಿಂತರೆ ವಿಕಾರವಾಗಿ ಕಾಣುತ್ತಿತ್ತು. ತೋಳು ಉದ್ದ, ಬೆನ್ನು ಜೋಲು. ಗಾಡಿ ಮೇಲೆ ಕೂತು ಕೈಚಾಚಿದರೆ ಒಂದೊಂದು ಪ್ಯಾಡೂ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಅಗಳಿಗೆ ಹೊರಡುವ ದಿನ, "ಮಾವ, ಪಾವಗಡದ ತನಕ ನೀವೂ ಹಿಂದೆ ಬತ್ತೀರಾ?" ಎಂದು ಕೇಳಿದೆ. ಅವರು ಕೊರಳಿನ ಕೀಲಿಕೈ ತೆಗೆದು ನನ್ನ ಕೈಗಿಟ್ಟರು. ಮೂಲೆಯಲ್ಲಿ ನಿಂತಿದ್ದ ಗಾಡಿಯ ಕೀಲಿಕೈ ಅಲ್ಲ ಅದು, ಅವರ ಸ್ವಂತ ಗಾಡಿಯದು. "ಬರಂಗಿಲ್ಲ. ಹಿಂದ ಬಂದ್ರ ನನ್ನ ಹೊಲಿಗಿ ಮ್ಯಾಲೆ ನನಗ ನಂಬಿಕಿ ಇಲ್ಲ ಅಂದಂಗ ಆಗ್ತೈತಿ. ನಿನ್ನ ಮ್ಯಾಲೂ. ಹೋಗಿ ಬಾ."

ಮಧ್ಯಾಹ್ನಕ್ಕೆ ಮುಂಚೆ ಅಗಳಿ ಮುಟ್ಟಿದೆ. ಬೇಲಿ ಹತ್ತಿರ ನಿಂತಿದ್ದ ಅಪ್ಪ ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ದಾರಿ ನೋಡಿದ. "ಏನಮ್ಮಿ, ಒಬ್ಳೇ ಬಂದ್ಯಾ?"

"ಒಬ್ಳೇ ಬಂದೆ ಕಣಪ್ಪ."

ಆತ ನನ್ನ ಮೊಣಕೈಯನ್ನು ಬೆರಳಲ್ಲಿ ತಟ್ಟಿ ನೋಡಿದ. "ಇದ್ಯಾಕಮ್ಮಿ ಇಷ್ಟು ಗಟ್ಟಿ ಐತೆ? ಯಾರು ಹೊಲ್ದಿದ್ದು?" "ನಮ್ಮತ್ತೆ ಮಾವ" ಎಂದೆ. ಒಳಗಿನಿಂದ ಅಮ್ಮ ಕೋಲು ಊರಿಕೊಂಡು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಫೋನು ಬಂತು, ಅತ್ತೆಯದು. ಮುಟ್ಟಿದೆಯಾ ಎಂದೂ ಕೇಳಲಿಲ್ಲ. "ಪ್ಯಾಡು ಜಾಗದಾಗ ಐತಾ?" ಎಂದು ಕೇಳಿದರು.

ಆಮೇಲೆ ಅಗಳಿಗೆ ನಾನು ಎಷ್ಟು ಸಲ ಹೋಗಿ ಬಂದೆನೋ ಲೆಕ್ಕವಿಲ್ಲ. ಅಮ್ಮನ ಕೈಗೆ ಔಷಧ ಕೊಟ್ಟು, ಅವಳ ಕೈಯ ಹುರುಳಿಕಾಳಿನ ಸಾರು ಉಂಡು, ಸಂಜೆಗೆ ವಾಪಸು.

ಹೋದ ಬೇಸಿಗೆಯಲ್ಲಿ ಮಾವನವರು ಊಟ ಮುಗಿಸಿ, ಕಟಿಂಗ್ ಟೇಬಲ್ಲಿಗೆ ಬೆನ್ನು ಕೊಟ್ಟು ಕೂತವರು ಮತ್ತೆ ಏಳಲಿಲ್ಲ. ಮೈ ತೊಳೆಸುವಾಗ ಯಾರೋ ಅವರ ಉಗುರುಗಳನ್ನು ಉಜ್ಜಲು ಹೋದರು. "ಅದು ಹೋಗಂಗಿಲ್ಲ, ಬಿಡ್ರಿ" ಎಂದು ಅತ್ತೆ ಕೈ ತಡೆದರು. ಹೆತ್ತ ತಂದೆ ಹೋದ ಹಾಗೆ ನಾನು ಕಣ್ಣೀರಿಟ್ಟೆ. ಅದರಲ್ಲಿ ಮುಚ್ಚುಮರೆ ಏನಿದೆ.

ತಿಥಿಕರ್ಮಗಳು ಮುಗಿದ ಮೇಲಿನ ಭಾನುವಾರ ಮನೆ ಮುಂದೆ ಗಾಡಿಗಳು ಬಂದು ನಿಂತವು. ಎಲ್ಲರೂ ಇಂಜಿನ್ ಆರಿಸಿ ತಲೆ ತಗ್ಗಿಸಿ ನಿಂತರು, ಒಳಗೆ ಬರಲು ಯಾರಿಗೂ ಕಾಲೇಳಲಿಲ್ಲ. ಮೇಷ್ಟ್ರ ಜೊತೆ ಅವರ ಹೆಂಡತಿಯೂ ಬಂದಿದ್ದರು. ನನ್ನನ್ನು ನೋಡಿ ಆಕೆಯೂ ಗಾಡಿ ಕಲಿತಿದ್ದರು. ಮೇಷ್ಟ್ರ ಕೈಯಲ್ಲಿ ಆಕೆಗೆಂದು ಕೊಂಡ ಹೊಸ ಜಾಕೆಟ್ಟಿತ್ತು, ಅದರ ಮೇಲೆ ಮಡಿಸಿಟ್ಟ ಒಂದು ಕುರ್ತಾ. "ಮಾಸ್ಟ್ರು ಇದ್ದಾಗಲೇ ಆರ್ಡರ್ ಮಾಡಿದ್ದೆ. ಈಗ ಬಂತು" ಎಂದು ಜಾಕೆಟ್ಟನ್ನು ಮುಂದೆ ಚಾಚಿದರು. "ಅಳತಿಗೆ ಇವಳ ಬಟ್ಟೀನೂ ತಂದೀನಿ. ಯಾರಿಗೆ ಕೊಡಬೇಕೋ ಗೊತ್ತಾಗ್ಲಿಲ್ಲ."

ಅತ್ತೆ ಒಳಗಿನಿಂದ ಎದ್ದು ಬಂದರು. ಜಾಕೆಟ್ ತೆಗೆದುಕೊಂಡು ಟೇಬಲ್ಲಿನ ಮೇಲೆ ಒಳಮೈ ತಿರುವಿ, ಹೊಲಿಗೆಯ ಮೇಲೆ ಉಗುರೆಳೆದು ನೋಡಿದರು. ಗೂಟಕ್ಕೆ ತೂಗುಹಾಕಿದ್ದ ಹಳದಿ ಟೇಪನ್ನು ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. ಕತ್ತರಿಯನ್ನು ನನ್ನ ಕಡೆ ಸರಿಸಿದರು. ಕುರ್ತಾವನ್ನು ಮಾತ್ರ ಮೇಷ್ಟ್ರ ಕೈಗೆ ವಾಪಸು ಇಟ್ಟರು.

"ಇದನ್ನ ಮನಿಗೆ ಒಯ್ರಿ ಮೇಷ್ಟ್ರೇ. ಬಾರವ್ವಾ, ನೀನು ಗಾಡಿ ಮ್ಯಾಲೆ ಕುಂದ್ರು ಮೊದಲು. ನಿಂತವರ ಅಳತಿ ನಮ್ಮ ಮನ್ಯಾಗ ತಗಳಂಗಿಲ್ಲ."